ಬಾಯಿ ಮುಚ್ಚಿದ ಒಂದು

ನನಗೆ ನಾಲ್ಕು ಭಾಷೆ ಬರುತ್ತದೆ ಎಂದು ಆಗಾಗ ಜಂಬ ಕೊಚ್ಚಿಕೊಳ್ಳುತ್ತೇನೆ. ಬೆಂಗಳೂರು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಹುಟ್ಟಿ ಬೆಳೆದವರಿಗೆ ಇದೇನು ಮಹಾ ಸಾಧನೆಯಲ್ಲ, ಬಿಡಿ. ಹಲಸೂರಿನ ಬೀದಿಯಲ್ಲಿ ಸೊಪ್ಪಿನವಳ ಹತ್ತಿರ ತಮಿಳು, ಬಟ್ಟೆಯಂಗಡಿಯಲ್ಲಿ ದಖನಿ, ಶಾಲೆಯ ಮದರ್ ಎದುರು ಇಂಗ್ಲಿಷು, ಮನೆಯೊಳಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕನ್ನಡ. ಹೀಗೆ ದಿನಕ್ಕೆ ಹತ್ತು ಸಲ ನಾಲಿಗೆ ಬದಲಾಯಿಸಿಕೊಂಡು ಬೆಳೆದವಳು ನಾನು. ಆದರೆ ನಿಮ್ಮಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ಏಳನ್ನು ಎಂಟರಿಂದ ಗುಣಿಸಲು ನನಗೆ ಬರುವುದು ಒಂದೇ ಭಾಷೆಯಲ್ಲಿ. 'ಸೆವೆನ್ ಎಯ್ಟ್ಸ್ ಆರ್' ಎಂದು ಯಾರಾದರೂ ಕೇಳಿದರೆ ನನ್ನ ಮುಖದಲ್ಲಿ ಬಿ.ಎಸ್ಸಿ. ಪದವಿಯ ಗುರುತೂ ಉಳಿಯುವುದಿಲ್ಲ. 'ಏಳೆಂಟ್ಲ' ಅನ್ನಿ, ಐವತ್ತಾರು ತಾನಾಗಿ ಉದುರುತ್ತದೆ. ಅದೂ ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ತುಟಿ ಅಲ್ಲಾಡಬೇಕು, ಒಂಚೂರು ಸದ್ದೂ ಬರಬೇಕು.

ಇದಕ್ಕೆ ಹೊಣೆ ನನ್ನ ತಾತ. ಜಗಲಿಯ ಮೇಲೆ ಮರಳು ಹರಡಿ, ನನ್ನ ಬೆರಳು ಹಿಡಿದು ಅಂಕಿ ತಿದ್ದಿಸಿದವರು ಅವರು. ಬರೀ ಎರಡರಿಂದ ಇಪ್ಪತ್ತರ ಮಗ್ಗಿ ಸಾಲದೆಂದು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನೂ ಸಂಜೆ ದೀಪ ಹಚ್ಚುವ ಹೊತ್ತಿಗೆ ರಾಗವಾಗಿ ಹೇಳಿಸುತ್ತಿದ್ದರು. ನಾನು ಸುಮ್ಮನೆ ಓದಿಕೊಳ್ಳುತ್ತೇನೆ ಎಂದರೆ ಸಿಟ್ಟು ಬರುತ್ತಿತ್ತು. "ಬಾಯಿಪಾಠ ಅಂತಾರೆ ಕಣೇ, ಯಾರಾದ್ರೂ ಕಣ್ಣುಪಾಠ ಅಂತಾರಾ? ಬಾಯಿ ಬಿಡು!" ಎನ್ನುತ್ತಿದ್ದರು. ನಾನು ಬಾಯಿ ಬಿಟ್ಟೆ. ಆಮೇಲೆ ಅದನ್ನು ಮುಚ್ಚುವುದು ನನ್ನಿಂದ ಆಗಲಿಲ್ಲ ಎಂದು ನಮ್ಮ ಮನೆಯವರು ಇವತ್ತಿಗೂ ದೂರುತ್ತಾರೆ.

ಈ ದುರಭ್ಯಾಸ ನನ್ನ ಮೊದಲ ನೌಕರಿಯನ್ನೇ ನುಂಗಿ ನೀರು ಕುಡಿಯುವುದರಲ್ಲಿತ್ತು. ಎರಡನೇ ಮಹಾಯುದ್ಧದ ಕಾಲ. ದಂಡಿನ ರಸ್ತೆಗಳಲ್ಲಿ ಎಲ್ಲಿ ನೋಡಿದರೂ ಖಾಕಿ, ಲಾರಿ, ಸಿಳ್ಳೆ ಹಾಕುವ ಸೋಲ್ಜರುಗಳು. ಹಲಸೂರು ಕೆರೆಯ ಈಚೆಗೆ ಒಂದು ಹಳೆಯ ಬಂಗಲೆಯಲ್ಲಿ ಹವಾಮಾನದ ಕಚೇರಿಯೊಂದನ್ನು ತೆರೆದು, ಗಣಿತ ಬಲ್ಲವರು ಬೇಕೆಂದು ಹೇಳಿಕಳಿಸಿದ್ದರು. ಗಂಡಸರೆಲ್ಲ ಯುದ್ಧದ ಬೇರೆ ಬೇರೆ ಕೆಲಸಕ್ಕೆ ಹೋಗಿದ್ದರಿಂದ ನನ್ನಂಥವಳಿಗೂ ಬಾಗಿಲು ತೆರೆಯಿತು. ನನ್ನ ಹುದ್ದೆಯ ಹೆಸರು ಕಂಪ್ಯೂಟರ್. ನಗಬೇಡಿ. ಆ ಕಾಲದಲ್ಲಿ ಲೆಕ್ಕ ಹಾಕುವ ಮನುಷ್ಯರನ್ನು ಹಾಗೆಯೇ ಕರೆಯುತ್ತಿದ್ದರು. ಈಗ ನನ್ನ ಹೆಸರನ್ನು ಒಂದು ಪೆಟ್ಟಿಗೆ ಕಸಿದುಕೊಂಡಿದೆ. ಇರಲಿ, ಅದಕ್ಕಾದರೂ ಯಾರೂ ಸೀರೆಯ ಸೆರಗು ಸರಿಮಾಡಿಕೋ ಎನ್ನುವುದಿಲ್ಲ.

ಮೊದಲ ಮೂರು ತಿಂಗಳು ಪರೀಕ್ಷೆಯ ಕಾಲ. ಸೈ ಎನಿಸಿಕೊಂಡರೆ ಕಾಯಂ, ಇಲ್ಲದಿದ್ದರೆ ಮನೆಗೆ. ನಮ್ಮ ಬೀದಿಯಲ್ಲಿ ಕೆಲಸಕ್ಕೆ ಹೊರಟ ಮೊದಲ ಹುಡುಗಿ ನಾನೇ ಆದ್ದರಿಂದ ಬೀದಿಗೆ ಬೀದಿಯೇ ಕಣ್ಣಿಟ್ಟು ಕೂತಿತ್ತು. ನಮ್ಮ ಎದುರು ಮನೆಯ ಸುಬ್ಬಮ್ಮನವರಂತೂ ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವಂತೆ, "ಮದುವೆ ವಯಸ್ಸಿನ ಹುಡುಗಿ ಹಬೆ ಅಳೆಯೋಕೆ ಹೋಗ್ತಾಳಂತೆ! ನೋಡ್ತಾ ಇರಿ, ಹಬೆ ಹಂಗೇ ಆರಿ ವಾಪಸ್ ಬರ್ತಾಳೆ" ಎಂದರು. ನಮ್ಮಮ್ಮ ಬಿಟ್ಟಾರೆಯೇ? "ಕಾಯಂ ಆದ ದಿನ ಬೀದಿಗೆಲ್ಲ ಹೋಳಿಗೆ ಹಾಕ್ತೀನಿ ಸುಬ್ಬಮ್ಮನೋರೆ, ಮೊದಲ ಎಲೆ ನಿಮ್ದೇ" ಎಂದು ಕೊಡ ಎತ್ತಿಕೊಂಡು ಬಂದುಬಿಟ್ಟರು. ನನಗೆ ಹೆದರಿಕೆ ಹುಟ್ಟಿದ್ದು ಆವಾಗ. ನೌಕರಿ ಹೋದರೆ ನಾನು ತಡೆದುಕೊಂಡೇನು, ಅಮ್ಮ ನಲ್ಲಿಯ ಹತ್ತಿರ ತಲೆ ತಗ್ಗಿಸುವುದನ್ನು ತಡೆದುಕೊಳ್ಳಲಾರೆ.

ಹಬೆ ಅಳೆಯುವುದು ಎಂದು ಸುಬ್ಬಮ್ಮನವರು ಹೇಳಿದ್ದು ತೀರ ಸುಳ್ಳಲ್ಲ. ಮುಚ್ಚಿದ ಡಬ್ಬಿಯೊಂದರಲ್ಲಿ ಸ್ವಲ್ಪ ನೀರಿಡಿ. ನೀರು ಕುದಿಯಬೇಕಾಗಿಲ್ಲ, ಸುಮ್ಮನೆ ಕೂತಲ್ಲೇ ಆವಿಯಾಗಿ ಏಳುತ್ತದೆ. ಮೇಲಿನ ಜಾಗ ತುಂಬಿದ ಮೇಲೆ ಎದ್ದಷ್ಟೇ ಆವಿ ಮತ್ತೆ ನೀರಾಗಿ ಇಳಿಯುತ್ತದೆ. ಆಗ ಆ ಆವಿ ಮುಚ್ಚಳವನ್ನು ಎಷ್ಟು ಜೋರಾಗಿ ಒತ್ತುತ್ತದೆ ಎನ್ನುವುದೇ ನೀರಿನ ಆವಿಯ ಒತ್ತಡ. ತಣ್ಣಗಿದ್ದರೆ ಮೆಲ್ಲಗೆ, ಬಿಸಿಯಾದಷ್ಟೂ ಜೋರಾಗಿ. ಅದನ್ನು ಪಾದರಸದ ಕಂಬದ ಎತ್ತರದಲ್ಲಿ, ಇಷ್ಟು ಮಿಲಿಮೀಟರ್ ಎಂದು ಹೇಳುವುದು ಪದ್ಧತಿ. ಇದನ್ನೆಲ್ಲ ಅಮ್ಮನಿಗೆ ವಿವರಿಸಿದಾಗ, "ಇಷ್ಟಕ್ಕೆ ಬಿ.ಎಸ್ಸಿ. ಓದ್ಬೇಕಿತ್ತೇನೇ? ಇಡ್ಲಿ ಪಾತ್ರೆ ಮುಚ್ಚಳ ಕುಣಿಯೋದು ನೋಡಿದ್ರೆ ಗೊತ್ತಾಗಲ್ವಾ?" ಎಂದರು. ಮುಚ್ಚಳ ಕುಣಿಯುತ್ತದೆ ಎನ್ನುವುದು ಅಮ್ಮನಿಗೆ ಗೊತ್ತು. ಎಷ್ಟು ಕುಣಿಯುತ್ತದೆ ಎನ್ನುವುದನ್ನು ವಿಮಾನ ಹಾರಿಸುವವರಿಗೆ ಹೇಳಬೇಕಾದವಳು ನಾನು. ಗಾಳಿಯಲ್ಲಿ ತೇವ ಎಷ್ಟಿದೆ, ಬೆಳಗ್ಗೆ ಮಂಜು ಮುಸುಕುತ್ತದೆಯೇ ಎನ್ನುವುದೆಲ್ಲ ಆ ಲೆಕ್ಕದ ಮೇಲೆ ನಿಂತಿತ್ತು.

ಆ ಒತ್ತಡಗಳ ಪಟ್ಟಿಯಿರುವ ಅಚ್ಚಾದ ಪುಸ್ತಕ ಹಡಗಿನಲ್ಲಿ ಬರಬೇಕಿತ್ತು, ಬರಲಿಲ್ಲ. ಇದ್ದ ಹಳೆಯ ಪುಸ್ತಕ ಫ್ಯಾರನ್‌ಹೀಟ್, ಅಂಗುಲಗಳದ್ದು. ಹೊಸ ಥರ್ಮಾಮೀಟರುಗಳು ಸೆಂಟಿಗ್ರೇಡಿನವು. ಹೀಗಾಗಿ ನಾವೇ ಲೆಕ್ಕ ಹಾಕಬೇಕಾಯಿತು. ಸೊನ್ನೆಯಿಂದ ನಲವತ್ತು ಡಿಗ್ರಿಯವರೆಗೆ ಒಂದೊಂದು ಡಿಗ್ರಿಗೂ ಒತ್ತಡ ಎಷ್ಟು ಎಂಬ ಕೋಷ್ಟಕ ನನ್ನ ಪಾಲಿಗೆ ಬಂತು, ದಿನದ ಬೇರೆ ಲೆಕ್ಕಗಳ ನಡುವೆ ಬಿಡುವಾದಾಗ ಮಾಡಬೇಕಾದದ್ದು. ಅದರ ಆಧಾರದ ಮೇಲೆ ನಡುವಿನ ಹತ್ತನೇ ಭಾಗಗಳನ್ನು ಆಮೇಲೆ ತುಂಬುವುದು. ಸೂತ್ರ ಸರಳ. ಡಿಗ್ರಿಯನ್ನು ಏಳೂವರೆಯಿಂದ ಗುಣಿಸಿ, ಅದೇ ಡಿಗ್ರಿಗೆ ಇನ್ನೂರ ಮೂವತ್ತೇಳು ಚಿಲ್ಲರೆ ಕೂಡಿಸಿ ಬಂದದ್ದರಿಂದ ಭಾಗಿಸಿ, ಒಂದು ನಿಗದಿಯಾದ ಅಂಕಿ ಸೇರಿಸಿ, ಲಾಗ್ ಟೇಬಲ್ ತಿರುವಿದರೆ ಉತ್ತರ. "ಸೂತ್ರದಲ್ಲೇ ಏಳೂವರೆ ಕೂತಿದೆಯಲ್ಲೇ, ಶನಿ ಕಾಟ ತಪ್ಪಿದ್ದಲ್ಲ" ಎಂದು ಅಮ್ಮ ಅಂದೇ ನುಡಿದರು. ನನಗೋ ಏಳೂವರೆ ಎಂದ ಕೂಡಲೇ ತಾತನ ಅರೆ ಮಗ್ಗಿ ನೆನಪಾಗಿ ಬಾಯಲ್ಲಿ ನೀರೂರಿತು.

ಶನಿಯ ಹೆಸರು ದೊರೈಸ್ವಾಮಿ. ಹಾಗೆಂದರೆ ಪಾಪ ಬರುತ್ತದೆ, ಒಳ್ಳೆಯ ಮನುಷ್ಯರು. ನಮ್ಮ ಲೆಕ್ಕದ ಕೋಣೆಯ ಮುಖ್ಯಸ್ಥರು, ಹಲಸೂರಿನವರೇ, ಮನೆಮಾತು ತಮಿಳು. ಹಣೆಯ ನಾಮದಷ್ಟೇ ನೆಟ್ಟಗಿನ ಶಿಸ್ತು. ಅವರ ಕುರ್ಚಿಯ ಹಿಂದೆ 'ಸೈಲೆನ್ಸ್' ಎಂದು ಬರೆದ ಮರದ ಹಲಗೆ ತೂಗುತ್ತಿತ್ತು. ಮೊದಲ ದಿನ ನಾನು ನಾಲ್ಕು ಡಿಗ್ರಿ ಮುಗಿಸಿ ಐದಕ್ಕೆ ಬರುವಷ್ಟರಲ್ಲಿ ಅವರು ರೂಲುದೊಣ್ಣೆಯಿಂದ ಮೇಜು ಕುಟ್ಟಿದರು.

"ಏನಮ್ಮಾ ಪಂಕಜಂ, ಇದು ಆಫೀಸಾ, ಭಜನೆ ಮಠವಾ? ಏನದು ಮುಣಮುಣ ಮುಣಮುಣ?"

"ಮಗ್ಗಿ ಸಾರ್."

"ಮಗ್ಗಿನೋ ಗಿಗ್ಗಿನೋ, ಬಾಯಿ ಮುಚ್ಕೊಂಡು ಲೆಕ್ಕ ಮಾಡ್ಬೇಕು. ಪುರಿಯುದಾ?"

ಅರ್ಥವಾಯಿತು ಎಂದು ತಲೆಯಾಡಿಸಿದೆ. ನನ್ನ ಹೆಸರು ಪಂಕಜ. ಅವರು ಕೊನೆಗೊಂದು 'ಮ್' ಸೇರಿಸಿ ಹೆಸರಿನ ಬಾಯನ್ನೂ ಮುಚ್ಚಿದ್ದರು.

ಬಾಯಿ ಮುಚ್ಚಿದ ಮೇಲೆ ನನ್ನ ಪಾಡು ಕೇಳಬೇಡಿ. ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಒರಳುಕಲ್ಲು ಹೇರಿದ ಹಾಗಾಯಿತು. ಹೇಳಲಾಗದ ಮಗ್ಗಿಯನ್ನು ಬರೆಯತೊಡಗಿದೆ. ಕಚ್ಚಾ ಪುಸ್ತಕದ ತುಂಬ, ತಾತ ಮರಳಿನಲ್ಲಿ ತಿದ್ದಿಸಿದ ಕನ್ನಡ ಅಂಕಿಗಳಲ್ಲಿ, ಓಡೋಡಿ ಬರೆದು, ಕೊನೆಯ ಉತ್ತರವನ್ನು ಮಾತ್ರ ಇಂಗ್ಲಿಷ್ ಅಂಕಿಗಳಿಗೆ ತಿರುಗಿಸಿ ಬೇರೆ ಹಾಳೆಗೆ ಇಳಿಸುತ್ತಿದ್ದೆ. ಆ ಹಾಳೆ ರಹೀಮ್ ಸಾಹೇಬರಿಗೆ ಹೋಗುತ್ತಿತ್ತು. ಅವರು ಬ್ಲಾಕ್‌ಪಳ್ಳಿಯವರು, ಅಂದರೆ ಈಗ ನೀವು ಶಿವಾಜಿನಗರ ಎನ್ನುವ ಕಡೆಯವರು. ಮೊದಲು ಉರ್ದು ಪುಸ್ತಕಗಳನ್ನು ಕೈಯಲ್ಲಿ ಚಿತ್ತಾರದಂತೆ ಬರೆಯುವ ಕಸುಬಿನಲ್ಲಿದ್ದು, ಈಗ ನಮ್ಮ ಅಂಕಿಗಳನ್ನು ಶುದ್ಧಪ್ರತಿ ಮಾಡುತ್ತಿದ್ದರು. ಅವರ ಅಂಕಿಗಳನ್ನು ನೋಡಿದರೆ ಲೆಕ್ಕ ತಪ್ಪಾಗಿದ್ದರೂ ನಂಬಬೇಕು ಅನ್ನಿಸುತ್ತಿತ್ತು. ಅಷ್ಟು ಚಂದ.

ಮೂರು ತಿಂಗಳು ತುಂಬುವ ಶನಿವಾರ ಬಂತು. ನೋಡಿ, ಶನಿವಾರವೇ! ಅಮ್ಮ ಬೆಳಗ್ಗೆಯೇ ಕಡಲೆಬೇಳೆ ನೆನೆಹಾಕಿದ್ದರು. ನಾನು ಕಚೇರಿಗೆ ಕಾಲಿಟ್ಟಾಗ ದೊರೈಸ್ವಾಮಿಯವರು ಶುದ್ಧಪ್ರತಿಯ ಪಕ್ಕದಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಸಾಲು ಬರೆದು ಮುಗಿಸಿದ್ದರು. ಪಕ್ಕಪಕ್ಕದ ಎರಡು ಉತ್ತರಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದು ಬರೆಯುವ ಸಾಲು ಅದು. ಕೋಷ್ಟಕ ಸರಿಯಾಗಿದ್ದರೆ ಆ ವ್ಯತ್ಯಾಸಗಳು ಮಕ್ಕಳ ಎತ್ತರದ ಹಾಗೆ ಸ್ವಲ್ಪಸ್ವಲ್ಪವೇ ಬೆಳೆಯುತ್ತ ಹೋಗಬೇಕು. ಇಪ್ಪತ್ತೊಂದರಿಂದ ಇಪ್ಪತ್ತೆರಡು ಡಿಗ್ರಿಗೆ 1.17 ಸರಿಯಾಗಿತ್ತು. ಅಲ್ಲಿಂದ ಇಪ್ಪತ್ತಮೂರಕ್ಕೆ ಬರೀ 0.25. ಅಲ್ಲಿಂದ ಇಪ್ಪತ್ತನಾಲ್ಕಕ್ಕೆ ಧಡಕ್ಕನೆ 2.30. ಮತ್ತೆ ಮುಂದೆ 1.38, ಸಾಧು ಪ್ರಾಣಿಯಂತೆ. ಇಪ್ಪತ್ತಮೂರರ ಎದುರಿಗೆ 20.07 ಎಂದಿತ್ತು. ಅದರ ಸುತ್ತ ಕೆಂಪು ವೃತ್ತ.

ನಿಮಗೆ ಬೆಂಗಳೂರು ಗೊತ್ತಲ್ಲ? ವರ್ಷದ ಅರ್ಧ ದಿನಗಳಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಇಪ್ಪತ್ತಮೂರು ಡಿಗ್ರಿ ಇದ್ದೇ ಇರುವ ಊರು. ನಲವತ್ತು ಡಿಗ್ರಿಯಲ್ಲಿ ತಪ್ಪಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪಿದ್ದು ಮನೆಯ ಹೊಸ್ತಿಲಲ್ಲೇ.

ದೊರೈಸ್ವಾಮಿಯವರು ಮೊದಲು ರಹೀಮ್ ಸಾಹೇಬರ ಕಡೆ ನೋಡಿದರು. ಸಾಹೇಬರು ನನ್ನ ಹಾಳೆ ತೆಗೆದು ತೋರಿಸಿದರು. ಅದರಲ್ಲೂ ನನ್ನ ಕೈಬರಹದಲ್ಲೇ 20.07.

"ಒಂದು ತಪ್ಪಿದ್ರೆ ಎಲ್ಲಾ ತಪ್ಪಿದ್ದಂಗೆ ಅಮ್ಮಾ" ಎಂದರು ದೊರೈಸ್ವಾಮಿ. ಸಿಟ್ಟಿರಲಿಲ್ಲ, ಬೇಜಾರಿತ್ತು. ಅದೇ ನನಗೆ ಇನ್ನೂ ಕಷ್ಟವಾಯಿತು. "ಪೂರ್ತಿ ಕೋಷ್ಟಕ ಬೇರೆಯವರ ಹತ್ರ ಮತ್ತೆ ಮಾಡಿಸ್ಬೇಕು. ನಿನ್ನ ಕಾಯಂ ಕಾಗದಕ್ಕೆ ನಾನು ಹೆಂಗಮ್ಮಾ ಸೈನ್ ಹಾಕ್ಲಿ?"

ನನಗೆ ನೆನೆದ ಕಡಲೆಬೇಳೆ ಕಣ್ಣ ಮುಂದೆ ಬಂತು. ಅಳು ಬರಬೇಕಿತ್ತು, ಬಂದದ್ದು ಮಾತ್ರ ಕೆಟ್ಟ ಕೋಪ. ನನ್ನ ಲೆಕ್ಕ ತಪ್ಪಿರಲಾರದು, ಅರೆ ಮಗ್ಗಿಯಲ್ಲಿ ನಾನು ತಪ್ಪುವುದೆಂದರೇನು! "ಸಾರ್, ನಿಮ್ಮೆದುರಿಗೇ ಇನ್ನೊಂದ್ಸಲ ಮಾಡ್ತೀನಿ. ನೀವೂ ಒಂದು ಕಾಗದದಲ್ಲಿ ಮಾಡಿ. ಆದ್ರೆ ನಾನು ಬಾಯಿ ಬಿಟ್ಟು ಮಾಡ್ತೀನಿ" ಎಂದೆ.

ದೊರೈಸ್ವಾಮಿಯವರು ತಮ್ಮ ಹಿಂದಿನ ಹಲಗೆಯನ್ನೊಮ್ಮೆ ತಿರುಗಿ ನೋಡಿದರು. ಆಮೇಲೆ ಪೆನ್ಸಿಲ್ ಕೈಗೆತ್ತಿಕೊಂಡರು. "ಆಯ್ತು, ಮಾಡು."

ಮೂರು ತಿಂಗಳಿಂದ ಗಂಟಲಲ್ಲಿ ಕೂತಿದ್ದ ಮಗ್ಗಿ, ಸ್ವಾಮಿ, ಒಮ್ಮೆಲೇ ಹೊರಬಿತ್ತು. "ಇಪ್ಪತ್ತಮೂರೇಳ್ಲ ನೂರಾ ಅರವತ್ತೊಂದು! ಇಪ್ಪತ್ತಮೂರರ ಅರೆ ಹನ್ನೊಂದೂವರೆ! ಕೂಡಿಸಿದರೆ ನೂರಾ ಎಪ್ಪತ್ತೆರಡೂವರೆ!" ತಾತನ ಜಗಲಿಯಲ್ಲಿ ಕಲಿತ ರಾಗದಲ್ಲೇ ಹೇಳಿದೆ. ತೊಡೆ ತಟ್ಟಿಕೊಂಡೆ ಎಂದೂ ನನಗೆ ಅನುಮಾನವಿದೆ. ಹೊರಗೆ ಕಾವಲಿನವನು ಕಿಟಕಿಯಲ್ಲಿ ಇಣುಕಿದ. ಇಣುಕಲಿ! ಇನ್ನೂರ ಅರವತ್ತು ಪಾಯಿಂಟ್ ಮೂರರಿಂದ ಭಾಗಿಸಲು ಹೊರಟೆ. "ಮೂರಾರ್ಲ ಹದಿನೆಂಟು, ಎಂಟು ಬರೆ, ದಶಕ ಒಂದು. ಆರಾರ್ಲ ಮೂವತ್ತಾರು!"

ಆಗ ಒಂದು ವಿಚಿತ್ರ ನಡೆಯಿತು. ನನ್ನ ಮೂವತ್ತಾರಿನ ಬೆನ್ನಿಗೇ ಮೇಜಿನ ಆಚೆ ಕಡೆಯಿಂದ, ಬಗ್ಗಿದ ತಲೆಯ ಕೆಳಗಿನಿಂದ, ಸಣ್ಣ ದನಿಯಲ್ಲಿ, "ಆರಾರ್ ಮುಪ್ಪತ್ತಾರು" ಎಂದು ಕೇಳಿಸಿತು.

ನಾನು ನಿಲ್ಲಿಸಿದೆ. "ಸಾರ್, ನೀವೂ ಹೇಳ್ತಿದೀರಿ."

"ಯಾರು? ನಾನಾ?" ಎಂದು ದೊರೈಸ್ವಾಮಿಯವರು ತಲೆ ಎತ್ತಿದರು. ನಾಮ ಸ್ವಲ್ಪ ಓರೆಯಾದಂತೆ ಕಂಡಿತು.

ರಹೀಮ್ ಸಾಹೇಬರು ಗಡ್ಡದೊಳಗೇ ನಕ್ಕರು. "ಸಾರ್, ಎಂಟು ತಿಂಗಳು ಆಯ್ತು ನಿಮ್ ಪಕ್ಕ ಕೂತು. ದಿನಾ ಹೇಳ್ತೀರಿ. ನಾನೂ ಹೇಳ್ತೀನಿ, ಛೆ ಛಕ್ಕೆ ಛತ್ತೀಸ್. ನಾವು ಹೊಟ್ಟೆ ಒಳಗೆ ಹೇಳ್ತೀವಿ, ಬೇಟಿ ಬಾಯಲ್ಲಿ ಹೇಳ್ತಾಳೆ. ಅಷ್ಟೇ ಫರಕ್."

ದೇವರಾಣೆಗೂ ಆ ಕ್ಷಣದ ಸಂತೋಷ ನನಗೆ ಮತ್ತೆ ಎಂದೂ ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ ಬರೆದು, ಇಂಗ್ಲಿಷಿನಲ್ಲಿ ರುಜು ಹಾಕಿ, ಇಂಗ್ಲಿಷಿನಲ್ಲಿ ಮೌನವಾಗಿರುವ ಆ ಕೋಣೆಯಲ್ಲಿ ಯಾರೂ ಇಂಗ್ಲಿಷಿನಲ್ಲಿ ಗುಣಿಸುತ್ತಿರಲಿಲ್ಲ! ಆರಾರು ಮೂರು ಭಾಷೆಯಲ್ಲೂ ಮೂವತ್ತಾರೇ ಆಗುತ್ತಿತ್ತು. ನಾನು ಮುಂದುವರಿಸಿದೆ, ಈ ಸಲ ದೊರೈಸ್ವಾಮಿಯವರೂ ಮುಚ್ಚುಮರೆಯಿಲ್ಲದೆ ತಮಿಳಿನಲ್ಲಿ ಹಿಂಬಾಲಿಸಿದರು. ಭಾಗಿಸಿ, ಕೂಡಿಸಿ, ಲಾಗ್ ಟೇಬಲಿನ ಮೇಲೆ ಇಬ್ಬರ ಬೆರಳೂ ಒಂದೇ ಅಂಕಿಗೆ ಬಂದು ನಿಂತವು. ಇಪ್ಪತ್ತೊಂದು ಪಾಯಿಂಟ್ ಸೊನ್ನೆ ಏಳು.

ಅವರು ಕೆಂಪು ಪೆನ್ಸಿಲಿನಿಂದ ಮತ್ತೆ ಕಳೆದರು. 1.17, 1.25, 1.30, 1.38. ಮೆಟ್ಟಿಲು ಸರಿಯಾಗಿತ್ತು.

ಹಾಗಾದರೆ ಇಪ್ಪತ್ತು ಎಲ್ಲಿಂದ ಬಂತು? ನನ್ನ ಕಚ್ಚಾ ಪುಸ್ತಕ ತೆರೆದೆವು. ಪುಟದ ಕೊನೆಯಲ್ಲಿ ನನ್ನ ಅಕ್ಷರದಲ್ಲೇ, ಎರಡು, ಸೊನ್ನೆ, ಚುಕ್ಕಿ, ಸೊನ್ನೆ, ಏಳು. ಲೆಕ್ಕವೇ ಅಂದು ತಪ್ಪಿತ್ತೇ? ಸಾಹೇಬರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರಿಗೆ ಕನ್ನಡ ಅಂಕಿ ಬಾರದು. ಆದರೆ ಲೇಖನಿಯ ನಡಿಗೆ ಗೊತ್ತಿತ್ತು.

"ಈ ಎರಡು ಸೊನ್ನೆ ಅಣ್ಣತಮ್ಮ ಅಲ್ಲ ಬೇಟಿ" ಎಂದರು. "ನೋಡು, ಚುಕ್ಕಿ ಆದ್ಮೇಲಿಂದು ಮೇಲಿಂದ ಶುರು ಆಗಿದೆ. ಚುಕ್ಕಿಗೆ ಮೊದಲಿಂದು ಕೆಳಗಿಂದ ಎದ್ದು, ಸುತ್ತು ಹಾಕಿ, ಮತ್ತೆ ಕೆಳಗೇ ಬಂದಿದೆ. ಅಲ್ಲಿ ಎರಡು ತುದಿ ಒಂದರ ಮೇಲೆ ಒಂದು ಕೂತಿವೆ. ಸೊನ್ನೆ ಬರೆಯೋ ಕೈ ಅಲ್ಲ ಇದು."

ಕನ್ನಡ ಓದುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಒಂದು ಹೇಗಿರುತ್ತದೆ? ಸೊನ್ನೆಯ ಹಾಗೆಯೇ ಗುಂಡಗೆ, ಕೆಳಗೆ ಬಾಯಿ ತೆರೆದುಕೊಂಡು. ಸೊನ್ನೆಗೂ ಒಂದಕ್ಕೂ ನಡುವೆ ಇರುವುದು ಆ ತೆರೆದ ಬಾಯಿಯಷ್ಟೇ. ಬಾಯಲ್ಲಿ ಹೇಳಿದ್ದರೆ 'ಇಪ್ಪತ್ತೊಂದು' ಎಂದು ಕಿವಿಗೆ ಕೇಳಿ ನೆನಪಿರುತ್ತಿತ್ತು. ಹೇಳಲು ಬಿಡದೆ ಅವಸರದಲ್ಲಿ ಗೀಚಿದ್ದರಿಂದ ನನ್ನ ಒಂದರ ಎರಡು ತುಟಿ ಕೂಡಿಕೊಂಡಿದ್ದವು. ಅದನ್ನು ನಾನೇ ಸೊನ್ನೆಯೆಂದು ಓದಿ ಇಂಗ್ಲಿಷಿಗೆ ತಿರುಗಿಸಿದ್ದೆ. ಇಂಗ್ಲಿಷಿನ ಒಂದಕ್ಕೆ ಈ ಅಪಾಯವಿಲ್ಲ. ಅದು ಬಾಯಿಯೇ ಇಲ್ಲದ ಕಡ್ಡಿ.

"ತಪ್ಪು ನನ್ನದೇ ಸಾರ್. ಲೆಕ್ಕದಲ್ಲಲ್ಲ, ಇಳಿಸಿದ್ದರಲ್ಲಿ" ಎಂದೆ. ಹೇಳದೆ ಇರಬಹುದಿತ್ತೇನೋ. ಆದರೆ ಬಾಯಿ ಬಿಟ್ಟ ಮೇಲೆ ಅರ್ಧ ಬಿಡಲು ಬರುವುದಿಲ್ಲ. ಇಳಿಸಿದ್ದರಲ್ಲಿ ತಪ್ಪಿದರೂ ತಪ್ಪು ತಪ್ಪೇ. ನೌಕರಿ ಹೋಗಲು ಅಷ್ಟು ಸಾಕು.

ದೊರೈಸ್ವಾಮಿಯವರು ಪುಸ್ತಕ ಕೈಗೆ ತೆಗೆದುಕೊಂಡು ಆ ಅಂಕಿಯನ್ನು ನೋಡಿದರು. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ನಗು ಹೊರಗೆ ಬಂತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಬಾಯಿ ಮುಚ್ಚು ಅಂತ ನಾನು ನಿನಗೆ ಹೇಳಿದ್ನಮ್ಮಾ" ಎಂದರು. "ನಿನ್ನ ಒಂದು ಕೇಳಿಸ್ಕೊಂಡ್ಬಿಟ್ಟಿದೆ!"

ಅಲ್ಲಿಯೇ ಕಾಗದ ತರಿಸಿ ರುಜು ಹಾಕಿದರು. ಆಮೇಲೆ ಕುರ್ಚಿ ಎಳೆದು ಹತ್ತಿ, 'ಸೈಲೆನ್ಸ್' ಹಲಗೆಯನ್ನು ಮೊಳೆಯಿಂದ ತೆಗೆದು ಮುಖ ಗೋಡೆಗೆ ಮಾಡಿ ತೂಗುಹಾಕಿದರು. ಸೋಮವಾರ ಸಾಹೇಬರು ತಿದ್ದಿ ಬರೆದ ನಮ್ಮ ಕೋಷ್ಟಕವನ್ನು ಅದರ ಬೆನ್ನಿಗೇ ಅಂಟಿಸಿದರು. ಸೊನ್ನೆ ಡಿಗ್ರಿಯಿಂದ ನಲವತ್ತರವರೆಗೆ, ನಡುವೆ ಇಪ್ಪತ್ತಮೂರರ ಎದುರು ಇಪ್ಪತ್ತೊಂದು ಪಾಯಿಂಟ್ ಸೊನ್ನೆ ಏಳು, ರಾಜಠೀವಿಯಲ್ಲಿ. ಹತ್ತನೇ ಭಾಗಗಳನ್ನು ತುಂಬುವ ಕೆಲಸ ಅಂದೇ ಶುರುವಾಯಿತು, ಮೂರು ಭಾಷೆಯಲ್ಲಿ, ಗಟ್ಟಿಯಾಗಿ. ದಾರಿಯಲ್ಲಿ ಹೋಗುವವರು ಅದನ್ನು ಪಾಠಶಾಲೆ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆಮೇಲೆ ನಮ್ಮ ಕೋಣೆಯಿಂದ ಹೊರಟ ಯಾವ ಕೋಷ್ಟಕದಲ್ಲೂ ಕೆಂಪು ವೃತ್ತ ಬೀಳಲಿಲ್ಲ.

ಆ ಶನಿವಾರ ಸಂಜೆ ಹೋಳಿಗೆ ಬೆಲ್ಲದ್ದು. ಸಕ್ಕರೆ ಎಲ್ಲಿ ಸಿಗಬೇಕು ಯುದ್ಧದಲ್ಲಿ? ಮಾತು ಕೊಟ್ಟ ಹಾಗೆ ಮೊದಲ ಎಲೆ ಸುಬ್ಬಮ್ಮನವರಿಗೆ. ಅವರು ಮೂರನೆಯ ಹೋಳಿಗೆ ಮಡಚುತ್ತ, "ಅಲ್ಲಾ ಪಂಕಜ, ಅಷ್ಟೆಲ್ಲ ಲೆಕ್ಕ ಹಾಕ್ತೀಯಲ್ಲ, ನಾಳೆ ನನ್ನ ಸಂಡಿಗೆ ಒಣಗುತ್ತಾ ಹೇಳು ನೋಡೋಣ" ಎಂದರು. ನಾನು ಗಾಳಿಯ ತೇವ ಲೆಕ್ಕ ಹಾಕಿ, ಧಾರಾಳವಾಗಿ ಒಣಗುತ್ತದೆ ಎಂದೆ. ಒಣಗಿತು. ಅಮ್ಮ ಆ ಸಂಡಿಗೆಯ ಸುದ್ದಿಯನ್ನು ನಲ್ಲಿಯ ಹತ್ತಿರ ವಾರಗಟ್ಟಲೆ ಹೇಳಿದರು, ಕಾಯಂ ಕಾಗದದ ಸುದ್ದಿಗಿಂತ ಹೆಚ್ಚಾಗಿ.

ಅಂದಿನಿಂದ ನಾನು ಕನ್ನಡದ ಒಂದನ್ನು ಬರೆಯುವಾಗ ಅದರ ಬಾಯನ್ನು ಧಾರಾಳವಾಗಿ ತೆರೆದು ಬಿಡುತ್ತೇನೆ. ನಮ್ಮ ಮನೆಯ ನಂಬರು ಹನ್ನೊಂದು. ಗೇಟಿನ ಮೇಲೆ ನಾನೇ ಕುಂಚ ಹಿಡಿದು ಬರೆದಿದ್ದೇನೆ, ಬಾಯಿ ಅಗಲಿಸಿದ ಎರಡು ಒಂದುಗಳನ್ನು. ಮೊನ್ನೆ ಹೊಸದಾಗಿ ಬಂದ ಅಂಚೆಯವನು ಗೇಟಿನ ಮುಂದೆ ನಿಂತು ತಲೆ ಕೆರೆದುಕೊಂಡ.

"ಏನಮ್ಮಾ, ನಿಮ್ಮನೆ ಒಂದುಗಳು ಎರಡೂ ಆಕಳಿಸ್ತಾ ಇದಾವಲ್ಲ!"

"ಆಕಳಿಸ್ತಾ ಇಲ್ಲಪ್ಪಾ" ಎಂದೆ. "ಮಗ್ಗಿ ಹೇಳ್ತಾ ಇದಾವೆ."